ಹಗಲು ತೆಗೆದಿಟ್ಟ ಗೋಡೆ

ಮೌಸ್ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ಪರದೆಯ ಮೇಲಿನ ಬಾಣ ನಡೆಯುತ್ತಿತ್ತು.

ದೊಡ್ಡಕ್ಕನ ಎರಡೂ ಕೈ ತಲೆಯ ಹಿಂದಿದ್ದವು. ಜಡೆ ಸುತ್ತಿ ಗಂಟು ಹಾಕುತ್ತಿದ್ದಳು. ಬೆಳಿಗ್ಗೆ ಎಂಟೂ ಮುಕ್ಕಾಲು. ಬ್ಲಡ್ ಬ್ಯಾಂಕಿನ ಬಾಗಿಲು ತೆಗೆದು, ದೀಪ ಹಾಕಿ, ಫ್ರಿಜ್ಜುಗಳ ಉಷ್ಣತೆ ಬರೆದುಕೊಂಡು, ಕಂಪ್ಯೂಟರ್ ಎಬ್ಬಿಸಿ ಆಗಿತ್ತು. ಬಾಣ ಸಕ್ಕರೆ ಹುಡುಕುವ ಇರುವೆಯ ಹಾಗೆ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಹರಿದಾಡಿ, ನಿನ್ನೆಯ ಪಟ್ಟಿಯ ಮೇಲೆ ಹೋಗಿ ನಿಂತಿತು. ಪಟ್ಟಿ ಒಮ್ಮೆ ಮಿಟುಕಿದಂತಾಯಿತು.

“ಥೂ, ನಿನಗೇನು ಬಂತೋ ರೋಗ!” ಎಂದು ಅವಳು ಮೌಸ್ ಎತ್ತಿ ಮೇಜಿಗೆ ಎರಡು ಸಲ ಕುಟ್ಟಿದಳು.

ಬಾಣ ನಿಂತಿತು. ಕುಟ್ಟಿದ್ದಕ್ಕೇ ನಿಂತಿತು ಎಂದು ಅವಳು ತಿಳಿದುಕೊಂಡಳು. ಯಾವ ಯಂತ್ರವೂ ಎರಡು ಏಟಿಗೆ ದಾರಿಗೆ ಬರುತ್ತದೆ ಎಂಬುದು ಅವಳ ನಂಬಿಕೆ. ಮನುಷ್ಯರಾದರೆ ಒಂದು ಮಾತು ಸಾಕು. ಆ ಒಂದು ಮಾತಿಗೆ ಹೆದರಿಯೇ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಬ್ಲಡ್ ಬ್ಯಾಂಕಿನ ಡಾಕ್ಟರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ದಾಖಲೆ ಬರೆಯುವ ಗುಮಾಸ್ತೆಯಾಗಿ ಇಪ್ಪತ್ತಾರು ವರ್ಷ ಅದೇ ಕಿಟಕಿಯ ಹಿಂದೆ ಕೂತಿದ್ದಳು. ಇಷ್ಟು ವರ್ಷದಲ್ಲಿ ಒಂದು ಬ್ಯಾಗ್ ರಕ್ತವೂ ತಪ್ಪು ಮೈಗೆ ಹೋಗಿರಲಿಲ್ಲ. ಅದೊಂದೇ ಅವಳ ಆಸ್ತಿ.

ಬಾಣ ತಾನಾಗಿ ನಡೆದದ್ದನ್ನು ಕಂಪ್ಯೂಟರ್ ಮೇಷ್ಟ್ರಿಗೆ ಫೋನ್ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಆ ಮನುಷ್ಯ ಪಾಠ ಶುರು ಮಾಡುತ್ತಾನೆ. ತಿಂಗಳಿಗೊಮ್ಮೆ ಬಂದು ಯಂತ್ರಗಳನ್ನು ನೋಡಿಹೋಗುವುದು ಅವನ ಕೆಲಸ. ಮೇಷ್ಟ್ರು ಎಂದು ಹೆಸರಿಟ್ಟವಳೂ ಇವಳೇ. ಬಾಯಿ ತೆರೆದರೆ ಪೀರಿಯಡ್ ಮುಗಿಯುವವರೆಗೆ ಮುಚ್ಚುತ್ತಿರಲಿಲ್ಲ.

ಎಂಟು ತಿಂಗಳ ಕೆಳಗೆ ಆತ ಎರಡು ಹೊಸ ಸಾಮಾನು ತಂದು ಕಂಪ್ಯೂಟರುಗಳಿಗೆ ಹಾಕಿದ್ದ. ಒಂದು, ಬೇರೆ ಬ್ರೌಸರ್. “ಹಳೇದು ತೂತು ಬಿದ್ದ ಕೊಡ, ದೊಡ್ಡಕ್ಕ. ಇನ್ನು ಮೇಲೆ ಅದನ್ನ ಮುಟ್ಬೇಡಿ” ಎಂದಿದ್ದ. ಇನ್ನೊಂದು, ಫೈರ್‌ವಾಲ್. ಹೊರಗಿನವರು ಒಳಗೆ ನುಗ್ಗದ ಹಾಗೆ ಕಾಯುವ ಗೋಡೆ ಎಂದು ಹೇಳಿ ಹೋಗಿದ್ದ. ಆತ ಅತ್ತ ಹೋದದ್ದೇ ತಡ, ಪಕ್ಕದ ಕೋಣೆಯಲ್ಲಿದ್ದ ಲೇಬಲ್ ಪ್ರಿಂಟರ್ ಮುಷ್ಕರ ಹೂಡಿತು. ಫೋನಿನಲ್ಲಿ ಮೇಷ್ಟ್ರು, “ಒಂದ್ಸಲ ಗೋಡೆ ಆಫ್ ಮಾಡಿ ನೋಡಿ” ಎಂದ. ಆಫ್ ಮಾಡಿದಳು. ಲೇಬಲ್ ಸರಸರನೆ ಬಂತು. “ಸರಿ, ನಾನು ಬಂದು ಪ್ರಿಂಟರಿಗೆ ದಾರಿ ಬಿಟ್ಕೊಡ್ತೀನಿ” ಎಂದವನು ಮುಂದಿನ ತಿಂಗಳು ಬಂದಾಗ ಪ್ರಿಂಟರ್ ಸರಿಯಾಗಿಯೇ ನಡೆಯುತ್ತಿತ್ತು. ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಅಷ್ಟರಲ್ಲಿ ದೊಡ್ಡಕ್ಕ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದಳು. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೂ ಅಂಟಿಸಿದ್ದಳು: “ಬೆಳಿಗ್ಗೆ ಮೊದಲು ಬಂದವರು ಫೈರ್‌ವಾಲ್ ತೆಗೆಯಬೇಕು. ಸಂಜೆ ಕೊನೆಗೆ ಹೋಗುವವರು ಹಾಕಿ, ಆಮೇಲೆ ಕಂಪ್ಯೂಟರ್ ಬಂದ್ ಮಾಡಬೇಕು. ಮರೆತರೆ ನನ್ನ ಹತ್ತಿರ ಬರಬೇಡಿ.” ಯಾರೂ ಮರೆಯಲಿಲ್ಲ. ಬಾಗಿಲಿಗೆ ಬೀಗ ಹಾಕುವುದೂ ಸಂಜೆಯೇ, ತೆಗೆಯುವುದೂ ಬೆಳಿಗ್ಗೆಯೇ. ಕಳ್ಳ ಬರುವುದು ಕತ್ತಲಾದ ಮೇಲೆ ಎಂದು ಯಾರಿಗೆ ಗೊತ್ತಿಲ್ಲ? ಎಂಟು ತಿಂಗಳು ಒಂದು ದಿನವೂ ತಪ್ಪದೆ ಆ ಕ್ರಮ ನಡೆದುಕೊಂಡು ಬಂದಿತ್ತು.

ಈ ಬೆಳಿಗ್ಗೆಯೂ ಅವಳು ಮೊದಲು ಮಾಡಿದ ಕೆಲಸ ಅದೇ. ಗೋಡೆ ತೆಗೆದಳು. ಆಮೇಲೆ ಜಡೆಗೆ ಕೈ ಹಾಕಿದಳು.

ಒಂಬತ್ತಕ್ಕೆ ಮೊದಲೇ ಸೂಜಿ ಬಂದಳು. ಸೂಜಿ ಎಂದರೆ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವ ಕೈಯೂ ಚೂಪು, ನಾಲಿಗೆಯೂ ಚೂಪು, ಅದಕ್ಕೇ ಆ ಹೆಸರು. ಹಿಂದಿನ ದಿನ ಒಂದು ಕಾರ್ಖಾನೆಯಲ್ಲಿ ರಕ್ತದಾನ ನಡೆದು ಅರವತ್ತೆರಡು ಬ್ಯಾಗ್ ಬಂದಿದ್ದವು. ಸಂಜೆಯವರೆಗೆ ಸೂಜಿ ಒಂದೊಂದನ್ನೇ ಪರೀಕ್ಷೆ ಮಾಡಿ ಗ್ರೂಪ್ ಕೂಗುತ್ತಿದ್ದಳು. ದೊಡ್ಡಕ್ಕ ಆ ಬ್ಯಾಗಿನ ನಂಬರಿನ ಎದುರು ಟೈಪ್ ಮಾಡುತ್ತಿದ್ದಳು. ಮೊದಲೆಲ್ಲ ಪುಸ್ತಕದಲ್ಲೂ ಬರೆಯುತ್ತಿದ್ದರು. “ಒಂದೇ ಮಾತನ್ನ ಎರಡೆರಡು ಕಡೆ ಬರೆಯೋಕೆ ನಮಗೇನು ಬೇರೆ ಬದುಕಿಲ್ವಾ?” ಎಂದು ದೊಡ್ಡಕ್ಕನೇ ಅದನ್ನು ನಿಲ್ಲಿಸಿದ್ದಳು.

ಈಗ ಪಟ್ಟಿಯಿಂದ ಲೇಬಲ್ ಅಚ್ಚು ಹಾಕಿ ಬ್ಯಾಗುಗಳಿಗೆ ಅಂಟಿಸಬೇಕಿತ್ತು. ಇಬ್ಬರೂ ಕೂತು ಅಂಟಿಸಿದರು. ಕೊನೆಯ ಲೇಬಲ್, ಅರವತ್ತೆರಡನೆಯದು, ನಂಬರ್ ಮಾತ್ರ ಹೊತ್ತುಕೊಂಡು ಬಂತು. ಗ್ರೂಪ್ ಇರಬೇಕಾದ ಜಾಗ ಖಾಲಿ.

“ಇದೇನಿದು, ತಲೆ ಬೋಳಿಸ್ಕೊಂಡು ಬಂದಿದೆ?” ಎಂದಳು ಸೂಜಿ.

“ಪ್ರಿಂಟರ್ ನುಂಗಿರ್ಬೇಕು. ಆ ಬ್ಯಾಗ್ ಒಂದನ್ನ ಪಕ್ಕಕ್ಕಿಡು, ಆಮೇಲೆ ನೋಡೋಣ.”

ಪಟ್ಟಿಯಲ್ಲಿ ಮೂರು ಓ ನೆಗೆಟಿವ್ ಇದ್ದವು: ಇಪ್ಪತ್ತೇಳು, ಮೂವತ್ತಮೂರು, ನಲವತ್ತು. ಅಪರೂಪದ ಮಾಲು. ಹೊಂದಿಸಿ ನೋಡಲು ಹೊತ್ತಿಲ್ಲದ ರೋಗಿಗೆ ಕಣ್ಣುಮುಚ್ಚಿ ಕೊಡಬಹುದಾದ ರಕ್ತ ಅದೊಂದೇ. ಫ್ರಿಜ್ಜಿನಲ್ಲಿದ್ದ ಹಳೆಯದೆಲ್ಲ ಹಿಂದಿನ ವಾರವೇ ಮುಗಿದಿತ್ತು. ಹೆರಿಗೆ ಆಸ್ಪತ್ರೆಯ ವ್ಯಾನಿನವನು ಬಂದು, ಅವರ ವಾಡಿಕೆಯಂತೆ ಒಂದನ್ನು ಸಹಿ ಹಾಕಿ ಒಯ್ದ. ಮೂವತ್ತಮೂರು.

ಒಂಬತ್ತೂ ಕಾಲಿಗೆ ಕಿಟಕಿಯ ಹೊರಗೆ ಚಕ್ರಗಳ ಸದ್ದಾಯಿತು. ದೊಡ್ಡಕ್ಕ ತಲೆ ಎತ್ತಲಿಲ್ಲ. ದಿನಕ್ಕೆ ಇಪ್ಪತ್ತು ಸ್ಟ್ರೆಚರ್ ಆ ಓಣಿಯಲ್ಲಿ ಹೋಗುತ್ತವೆ.

“ಅಕ್ಕಾ.”

ಆ ದನಿ ಕೇಳಿ ಅವಳು ತಲೆ ಎತ್ತಿದಳು. ಸ್ಟ್ರೆಚರಿನ ಮೇಲೆ ಅವಳ ತಮ್ಮ ಮಲಗಿದ್ದ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ವೈರಿಂಗ್ ಕೆಲಸದವನು. ಯಾವುದೋ ಅಂಗಡಿಯ ಮಾಳಿಗೆಯಲ್ಲಿ ಏಣಿ ಜಾರಿ, ಹೊಟ್ಟೆ ಕೆಳಗಾಗಿ ಕಬ್ಬಿಣದ ಪೆಟ್ಟಿಗೆಯ ಮೇಲೆ ಬಿದ್ದಿದ್ದ. ಒಳಗೇ ರಕ್ತ ಸೋರುತ್ತಿದೆ ಎಂದು ತಳ್ಳಿಕೊಂಡು ಬಂದವರು ಹೇಳಿದರು.

“ಒಳ್ಳೇ ಮಾಲೇ ಕೊಡು ಅಕ್ಕಾ. ಹಳೇ ಸ್ಟಾಕ್ ತಳ್ಬೇಡ ನನಗೆ.”

“ಬಾಯಿ ಮುಚ್ಚಿಕೊಂಡು ಬಿದ್ಕೋ! ಏಣಿ ನಿಲ್ಸೋಕೆ ಬರದವನು, ಇಲ್ಲಿ ಬಂದು ನನಗೆ ಹೇಳ್ತಾನೆ!”

ಬೈಯುತ್ತಲೇ ಅವನ ಕೈ ಹಿಡಿದಳು. ಆ ಕೈ ತಣ್ಣಗಿತ್ತು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ. ಸ್ಟ್ರೆಚರ್ ಮುಂದೆ ಹೋಯಿತು. ಹಿಂದೆಯೇ ಆಪರೇಷನ್ ಥಿಯೇಟರಿನ ಸಿಸ್ಟರ್ ಓಡಿಬಂದಳು.

“ಓ ನೆಗೆಟಿವ್ ಎರಡು, ದೊಡ್ಡಕ್ಕ. ಹೊಂದಿಸಿ ನೋಡೋಕೆಲ್ಲ ಟೈಮಿಲ್ಲ.”

ದೊಡ್ಡಕ್ಕ ಫ್ರಿಜ್ ತೆಗೆದು ಇಪ್ಪತ್ತೇಳನ್ನೂ ನಲವತ್ತನ್ನೂ ತಾನೇ ಎತ್ತಿ ಕೊಟ್ಟಳು. ಲೇಬಲ್ ಎರಡೆರಡು ಸಲ ಓದಿದಳು. ಓ ನೆಗೆಟಿವ್. ಓ ನೆಗೆಟಿವ್.

ಸಿಸ್ಟರ್ ಹೋದ ಮೇಲೆ ಕುರ್ಚಿಯಲ್ಲಿ ಕೂತವಳು ಕಾಲು ಗಂಟೆ ಏಳಲಿಲ್ಲ. ಸೂಜಿ ನೀರು ತಂದಿಟ್ಟು, “ಏನೂ ಆಗಲ್ಲ ಬಿಡಿ. ಆ ಸರ್ಜನ್ ಕೈ ಒಳ್ಳೇದು” ಎಂದು ಹೇಳಿ ಒಳಗೆ ಹೋದಳು. ದೊಡ್ಡಕ್ಕ ಲೋಟ ಎತ್ತಿಕೊಂಡಳು. ಲೋಟದ ಅಂಚಿನ ಮೇಲಿನಿಂದ ಅವಳ ಕಣ್ಣು ಪರದೆಗೆ ಬಿತ್ತು.

ಬಾಣ ಮತ್ತೆ ನಡೆಯುತ್ತಿತ್ತು.

ಈ ಸಲ ಅದು ಇರುವೆಯಂತಿರಲಿಲ್ಲ. ಮನುಷ್ಯನ ನಡಿಗೆ ಅದು. ಒಂದು ಕಡೆ ನಿಂತು, ಯೋಚಿಸಿ, ನೆಟ್ಟಗೆ ಮುಂದಕ್ಕೆ ಹೋಯಿತು. ಒಂದು ಪೆಟ್ಟಿಗೆ ತೆರೆಯಿತು. ಮುಚ್ಚಿತು. ಇನ್ನೊಂದು ತೆರೆಯಿತು. ಯಾರೋ ಮನೆಯೊಳಗೆ ಬಂದು, ತಮ್ಮದೇ ಮನೆ ಎಂಬ ಹಾಗೆ ಕಪಾಟಿನ ಬಾಗಿಲು ಒಂದೊಂದಾಗಿ ತೆಗೆದು ನೋಡುತ್ತಿದ್ದರು.

“ಯಾರೋ ಅದು?” ಎಂದಳು ದೊಡ್ಡಕ್ಕ. ಪರದೆಗೆ ಹೇಳಿದಳು. ಬೇರೆ ದಿನವಾಗಿದ್ದರೆ ಸೂಜಿ ಇದನ್ನು ವರ್ಷವಿಡೀ ಆಡಿಕೊಂಡು ನಗುತ್ತಿದ್ದಳು.

ಬಾಣ ನಿಂತಿತು, ಕೇಳಿಸಿಕೊಂಡ ಹಾಗೆ. ಆಮೇಲೆ ಅದು ನಿನ್ನೆಯ ಪಟ್ಟಿಗೆ ಬಂದು, ಗ್ರೂಪಿನ ಸಾಲಿನಲ್ಲಿ ಒಂದು ಚೌಕದ ಮನೆಯನ್ನು ಒತ್ತಿತು. ಆ ಮನೆ ಮಾಯವಾಯಿತು. ಅದರ ಕೆಳಗಿನ ಗ್ರೂಪುಗಳೆಲ್ಲ ಒಟ್ಟಿಗೆ ಒಂದೊಂದು ಮೆಟ್ಟಿಲು ಮೇಲಕ್ಕೆ ಜಿಗಿದವು. ನಂಬರುಗಳು ಮಾತ್ರ ಇದ್ದಲ್ಲೇ ಇದ್ದವು.

ಅವಳು ಪಟ್ಟಿಯನ್ನು ಕೆಳಗೆ ಎಳೆದಳು. ಅರವತ್ತೆರಡರ ಎದುರು ಖಾಲಿ. ಅರವತ್ತೊಂದರ ಎದುರೂ ಖಾಲಿ.

ಒಂದನ್ನು ಈಗ ಕಣ್ಣೆದುರೇ ಅಳಿಸಿದ. ಇನ್ನೊಂದನ್ನು?

ತಲೆ ಬೋಳಿಸಿಕೊಂಡು ಬಂದ ಲೇಬಲ್ ನೆನಪಾಯಿತು. ಎಂಟೂ ಮುಕ್ಕಾಲಿಗೆ ಪಟ್ಟಿ ಮಿಟುಕಿದ್ದು ನೆನಪಾಯಿತು. ಅರವತ್ತೆರಡು ಬ್ಯಾಗ್, ಅರವತ್ತೊಂದು ಗ್ರೂಪ್. ಬೆಳಿಗ್ಗೆಯೇ ಒಂದನ್ನು ಅಳಿಸಿದ್ದ. ಅದು ಎಲ್ಲಿಯದೋ ಗೊತ್ತಿಲ್ಲ. ಅಲ್ಲಿಂದ ಕೆಳಗಿನ ಬ್ಯಾಗುಗಳಿಗೆಲ್ಲ ಪಕ್ಕದವರ ರಕ್ತದ ಹೆಸರು ಅಂಟಿದೆ. ಅಂಟಿಸಿದವಳು ತಾನು. ಇಪ್ಪತ್ತೇಳು ಮತ್ತು ನಲವತ್ತನ್ನು ಎತ್ತಿ ಕೊಟ್ಟವಳೂ ತಾನು.

ಲೋಟ ಕೆಳಗೆ ಬಿತ್ತು. ಫೋನ್ ಎತ್ತಲು ಹೋದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ನಿಂತದ್ದು ಸುಳ್ಳಲ್ಲ. ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಎಲ್ಲವನ್ನೂ ಹೇಳಬೇಕು. ಬಾಣ ನಡೆದದ್ದನ್ನು ಮೊದಲೇ ಕಂಡು ಸುಮ್ಮನಿದ್ದದ್ದನ್ನೂ ಹೇಳಬೇಕು. ಇಪ್ಪತ್ತಾರು ವರ್ಷ ಒಂದು ಮಾತಿನಲ್ಲಿ ನೀರಿಗೆ ಹೋಗುತ್ತದೆ. ಸುಮ್ಮನಿದ್ದರೂ ಇರಬಹುದು, ಆ ಎರಡು ಬ್ಯಾಗುಗಳು ಸರಿಯಿದ್ದರೂ ಇದ್ದಾವು.

ಅವಳ ಅಂಗೈಗೆ ತಮ್ಮನ ಕೈಯ ತಣ್ಣನೆ ಇನ್ನೂ ಅಂಟಿಕೊಂಡಿತ್ತು. ಥಿಯೇಟರಿನ ನಂಬರ್ ಒತ್ತಿದಳು.

“ಸಿಸ್ಟರ್, ರಕ್ತ ನಿಲ್ಸಿ!”

“ಏನಂದ್ರಿ? ಮೊದಲನೇದು ಹೋಗ್ತಾ ಇದೆ.”

“ನಂಬರ್ ಎಷ್ಟು?”

“ಇಪ್ಪತ್ತೇಳು. ಮುಕ್ಕಾಲು ಹೋಗಿದೆ.”

“ನಲವತ್ತು? ನಲವತ್ತನ್ನ ಮುಟ್ಟಿದ್ದೀರಾ?”

“ಇದು ಮುಗೀತಿದ್ದ ಹಾಗೇ ಅದೇ. ಪ್ರೆಶರ್ ಇಳೀತಿದೆ ದೊಡ್ಡಕ್ಕ, ಯಾಕೆ? ಏನಾಯ್ತು?”

“ಲೇಬಲ್ ತಪ್ಪಿದೆ. ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ನಿಲ್ಸಿ, ಐದು ನಿಮಿಷ ಕೊಡಿ. ತಪ್ಪು ನನ್ನದು. ನಿಲ್ಸಿ!”

ಆ ಕಡೆಯಿಂದ ಸರ್ಜನ್ ಕೂಗಿದ್ದು ಫೋನಿನಲ್ಲೇ ಕೇಳಿಸಿತು. ಕೇಳಬಾರದ ಮಾತು ಅದು. ಅವಳಿಗೆ ತಟ್ಟಲಿಲ್ಲ.

ಗದ್ದಲ ಕೇಳಿ ಡಾಕ್ಟರೂ ಸೂಜಿಯೂ ಓಡಿಬಂದರು. ದೊಡ್ಡಕ್ಕ ಎರಡು ಮಾತಿನಲ್ಲಿ ಹೇಳಿದಳು. ಪರದೆ ತೋರಿಸಿದಳು. ಅಲ್ಲಿ ಬಾಣ ಇನ್ನೂ ಹರಿದಾಡುತ್ತಿತ್ತು. ಡಾಕ್ಟರು ಅದನ್ನು ನೋಡಿದರು, ಅವಳ ಮುಖ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಇಪ್ಪತ್ತೇಳು, ನಲವತ್ತು. ತುಂಡು ತೆಗಿ” ಎಂದರು ಸೂಜಿಗೆ.

ಪ್ರತಿ ಬ್ಯಾಗ್ ಹೊರಗೆ ಹೋಗುವಾಗ ಅದರ ಬಾಲದ ನಳಿಗೆಯ ಒಂದು ತುಂಡನ್ನು ಕತ್ತರಿಸಿ, ನಂಬರ್ ಹಾಕಿ ಇಟ್ಟುಕೊಳ್ಳುತ್ತಾರೆ. ತುಂಡಿನೊಳಗೆ ಅದೇ ರಕ್ತ. ಸೂಜಿ ಬಿಳಿ ಹಲಗೆಯ ಮೇಲೆ ಇಪ್ಪತ್ತೇಳರ ಮೂರು ಹನಿ ಇಟ್ಟು, ಒಂದೊಂದಕ್ಕೂ ಒಂದೊಂದು ಬಾಟಲಿಯ ಮದ್ದು ಬಿಟ್ಟಳು. ಓ ನೆಗೆಟಿವ್ ಆದರೆ ಮೂರೂ ನಯವಾಗಿಯೇ ಉಳಿಯಬೇಕು. ಒಂದರಲ್ಲಾದರೂ ಮರಳಿನಂತೆ ಕಾಳು ಕಟ್ಟಿದರೆ ಅದು ಬೇರೆ ರಕ್ತ. ಕಾಯಬೇಕಾದದ್ದು ಎರಡು ನಿಮಿಷ.

ಡಾಕ್ಟರು ಫೋನಿನಲ್ಲಿ ಮೇಷ್ಟ್ರನ್ನು ಹಿಡಿದು ಎಲ್ಲರಿಗೂ ಕೇಳುವಂತೆ ಇಟ್ಟರು.

“ಮೊದಲು ಇಂಟರ್ನೆಟ್ ವೈರ್ ಕೀಳಿ!” ಎಂದ ಮೇಷ್ಟ್ರು. “ನೀಲಿ ವೈರ್. ಆಮೇಲೆ ಮಾತು.”

ದೊಡ್ಡಕ್ಕ ಮೇಜಿನ ಕೆಳಗೆ ನುಗ್ಗಿ ವೈರ್ ಕಿತ್ತಳು. ಎದ್ದು ನೋಡಿದಳು. ಬಾಣ ಪಟ್ಟಿಯ ನಡುವೆ ಸತ್ತ ನೊಣದಂತೆ ಬಿದ್ದಿತ್ತು.

“ದೊಡ್ಡಕ್ಕ, ಫೈರ್‌ವಾಲ್ ಆನ್ ಇತ್ತಲ್ವಾ?”

“ನಿನ್ನೆ ಸಂಜೆ ಹಾಕೇ ಹೋಗಿದ್ದೆ.”

“ಸಂಜೆ ಅಂದ್ರೆ? ಬೆಳಿಗ್ಗೆ?”

“ಬೆಳಿಗ್ಗೆ ತೆಗ್ದೆ. ದಿನಾ ಬೆಳಿಗ್ಗೆ ತೆಗೀತೀವಿ, ಸಂಜೆ ಹಾಕ್ತೀವಿ. ಪ್ರಿಂಟರಿಗೋಸ್ಕರ. ನೀನೇ ಹೇಳಿದ್ದಲ್ಲ.”

ಆ ಕಡೆ ಕುರ್ಚಿ ಹಿಂದೆ ತಳ್ಳಿದ ಸದ್ದು ಕೇಳಿಸಿತು.

“ಸಂಜೆ ಹಾಕಿದ ಮೇಲೆ ಕಂಪ್ಯೂಟರ್?”

“ಬಂದ್ ಮಾಡ್ತೀವಿ.”

“ಅಯ್ಯೋ, ಬಂದ್ ಆದ ಕಂಪ್ಯೂಟರೊಳಗೆ ಯಾರು ಬರ್ತಾರೆ ದೊಡ್ಡಕ್ಕ? ಅವನು ಬರೋದು ಅದು ಎದ್ದಿರುವಾಗ. ಇಷ್ಟು ದಿನ ಹಗಲೆಲ್ಲ ಬಾಗಿಲು ತೆಗೆದಿಟ್ಟು, ಊರಿಗೆಲ್ಲ ಬನ್ನಿ ಅಂದಿದ್ದೀರಾ! ಎಷ್ಟು ದಿನದಿಂದ?”

“ಎಂಟು ತಿಂಗಳು.”

“ಮತ್ತೆ ಬ್ರೌಸರ್? ನಾನು ಹಾಕಿಕೊಟ್ಟಿದ್ದೇ ತಾನೇ?”

ದೊಡ್ಡಕ್ಕ ಗೋಡೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಅಷ್ಟನ್ನೂ ಮಾಡಲಿಲ್ಲ, ನೇರ ಹೇಳಿಬಿಟ್ಟಳು. “ಅದರಲ್ಲಿ ಪಟ್ಟಿಯ ಸಾಲು ಓರೆಯಾಗಿ ಕಾಣ್ತಿತ್ತು. ಹಳೇದನ್ನೇ ಹುಡುಕಿ ಇಟ್ಕೊಂಡೆ. ಸೋಮವಾರ ಅದರಲ್ಲಿ ಒಂದು ಪೆಟ್ಟಿಗೆ ಬಂತು. ನಿಮ್ಮ ಬ್ರೌಸರ್ ಹಳೇದಾಗಿದೆ, ಸರಿಮಾಡಲು ಇಲ್ಲಿ ಒತ್ತಿ ಅಂತ. ನೀನು ಹಳೇದು ಬೇಡ ಅಂತ ಬೈದಿದ್ಯಲ್ಲ. ಅದಕ್ಕೇ ಒತ್ತಿದೆ.”

“ಅವನೇ ಅದು” ಎಂದ ಮೇಷ್ಟ್ರು. ದನಿ ಸಣ್ಣದಾಗಿತ್ತು. “ನಾನು ಈಗಲೇ ಹೊರಟೆ. ಯಾವುದನ್ನೂ ಮುಟ್ಬೇಡಿ.”

“ಇಪ್ಪತ್ತೇಳು ನಯ” ಎಂದಳು ಸೂಜಿ.

ಮೂರೂ ಹನಿ ಸಮನಾಗಿ ಕೆಂಪಗಿದ್ದವು. ಡಾಕ್ಟರು ಥಿಯೇಟರಿಗೆ ಹೇಳಿದರು: ಇಪ್ಪತ್ತೇಳು ಮುಂದುವರಿಸಿ. ದೊಡ್ಡಕ್ಕ ಮೇಜಿನ ಅಂಚು ಹಿಡಿದುಕೊಂಡಳು. ತಮ್ಮನ ಮೈಯೊಳಗೆ ಹೋಗಿರುವುದು ಸರಿಯಾದದ್ದೇ.

ಸೂಜಿ ಪಕ್ಕದ ಸಾಲಿಗೆ ನಲವತ್ತರ ಹನಿ ಇಟ್ಟಳು. ಮದ್ದು ಬಿಟ್ಟಳು. ಹಲಗೆ ಎತ್ತಿ ಮೆಲ್ಲಗೆ ಅಲುಗಿಸಿದಳು. ಎರಡು ನಿಮಿಷ ಕಾಯುವ ಅಗತ್ಯವೇ ಬರಲಿಲ್ಲ. ಎರಡನೆಯ ಹನಿ ಒಡೆದ ಹಾಲಿನಂತೆ ಒಡೆಯಿತು. ಮೂರನೆಯದೂ ಒಡೆಯಿತು. ಕೆಂಪು ಕಾಳು, ನಡುವೆ ತಿಳಿನೀರು.

ಬಿ ಪಾಸಿಟಿವ್.

ಅದು ಮೈಯೊಳಗೆ ಹೋಗಿದ್ದರೆ ಹಲಗೆಯ ಮೇಲೆ ಆದದ್ದೇ ಅಲ್ಲಿಯೂ ಆಗುತ್ತಿತ್ತು. ದೊಡ್ಡಕ್ಕನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಥಿಯೇಟರಿನ ಫೋನ್ ಒದರಿತು. “ಮೊದಲನೇದು ಖಾಲಿ. ಇನ್ನೊಂದು ಬೇಕು. ಈಗ ಬೇಕು.”

“ಇರೋ ಮೂರರಲ್ಲಿ ಒಂದು ಖರ್ಚಾಯ್ತು, ಒಂದು ಸುಳ್ಳು, ಒಂದು ಹೆರಿಗೆ ಆಸ್ಪತ್ರೆಗೆ ಹೋಗಿದೆ” ಎಂದಳು ಸೂಜಿ. ಅವಳ ನಾಲಿಗೆಯ ಚೂಪು ಎಲ್ಲೋ ಹೋಗಿತ್ತು. “ಅರವತ್ತನ್ನೂ ಒಂದೊಂದಾಗಿ ನೋಡ್ತಾ ಕೂತ್ರೆ…”

“ನಲವತ್ತೊಂದು” ಎಂದಳು ದೊಡ್ಡಕ್ಕ.

“ಏನು?”

“ನಲವತ್ತೊಂದು ತೆಗಿಯೇ! ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿವೆ. ನಲವತ್ತರ ಎದುರು ಬಂದು ಕೂತಿದ್ದ ಓ ನೆಗೆಟಿವ್ ನಲವತ್ತೊಂದರದ್ದು. ನಿನ್ನೆ ನೀನು ಕೂಗಿದ್ದು, ನಾನು ಬರೆದದ್ದು. ಎಲ್ಲಿ ಹೋಗುತ್ತೆ ಅದು?”

ನಲವತ್ತೊಂದರ ಮೇಲಿನ ಲೇಬಲ್ ಎ ಪಾಸಿಟಿವ್ ಎನ್ನುತ್ತಿತ್ತು. ಸೂಜಿ ಹನಿ ಇಟ್ಟಳು. ಮೂವರೂ ಹಲಗೆಯ ಮೇಲೆ ಬಾಗಿದರು. ಗೋಡೆಯ ಗಡಿಯಾರದ ಮುಳ್ಳು ಮೊದಲ ಸುತ್ತು ಮುಗಿಸಿತು. ಫೋನ್ ಮತ್ತೆ ಒದರಿತು, ಯಾರೂ ಎತ್ತಲಿಲ್ಲ. ದೊಡ್ಡಕ್ಕ ಉಸಿರು ಬಿಟ್ಟರೆ ಹನಿ ಒಡೆದೀತು ಎಂಬ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಎರಡನೆಯ ಸುತ್ತು ಮುಗಿಯಿತು.

ಮೂರೂ ನಯ.

ಡಾಕ್ಟರು ಹಳೆಯ ಲೇಬಲ್ ಹರಿದು, ಪೆನ್ನಿನಲ್ಲಿ ತಾವೇ ಬರೆದು ಸಹಿ ಹಾಕಿದರು. ದೊಡ್ಡಕ್ಕ ಬ್ಯಾಗನ್ನು ಎದೆಗೆ ಅವಚಿಕೊಂಡು ಓಣಿಯಲ್ಲಿ ಓಡಿದಳು. ಐವತ್ತೆರಡು ವರ್ಷದ ಹೆಂಗಸು ಹಾಗೆ ಓಡುವುದನ್ನು ಕಂಡು ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಥಿಯೇಟರಿನ ಬಾಗಿಲ ಸಂದಿಯಲ್ಲಿ ಒಂದು ಕೈ ಬಂದು ಬ್ಯಾಗ್ ಕಸಿದುಕೊಂಡಿತು. ಬಾಗಿಲು ಮುಚ್ಚಿತು.

ಅಲ್ಲೇ ನೆಲಕ್ಕೆ ಕೂತುಬಿಡಬೇಕು ಎನ್ನಿಸಿತು. ಆಗ ಸೂಜಿಯ ಮಾತು ತಲೆಯೊಳಗೆ ತಿರುಗಿ ಬಂತು. ಒಂದು ಹೆರಿಗೆ ಆಸ್ಪತ್ರೆಗೆ ಹೋಗಿದೆ.

ಇಪ್ಪತ್ತೇಳು ಸರಿ. ನಲವತ್ತು ತಪ್ಪು. ಅವನು ಅಳಿಸಿದ ಮನೆ ಇವೆರಡರ ನಡುವೆ ಎಲ್ಲೋ ಇದೆ. ಮೂವತ್ತಮೂರೂ ಅವೆರಡರ ನಡುವೆಯೇ ಇದೆ.

ತಮ್ಮ, ತಮ್ಮ ಎಂದು ಇಷ್ಟು ಹೊತ್ತು ಬಡಿದುಕೊಂಡಿದ್ದಳು. ಯಾವಳೋ ಒಬ್ಬಳು ಹೆರುತ್ತಿರುವವಳು, ಅವಳಿಗೂ ಒಬ್ಬ ಅಕ್ಕನೋ ಅಮ್ಮನೋ ಬಾಗಿಲಲ್ಲಿ ನಿಂತಿರಬಹುದು ಎಂಬುದು ತಲೆಗೇ ಹೊಳೆದಿರಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಓಡಿದಳು.

ಅವಳು ಒಳಗೆ ಬಂದಾಗ ಡಾಕ್ಟರು ಫೋನ್ ಹಿಡಿದು ನಿಂತಿದ್ದರು. ಅವರಿಗೂ ಅದೇ ಹೊಳೆದಿತ್ತು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು. ಸೂಜಿ ಆಗಲೇ ಮೂವತ್ತಮೂರರ ಹನಿ ಇಟ್ಟಿದ್ದಳು.

“ಎತ್ತಿದ್ರು” ಎಂದು ಡಾಕ್ಟರು ಫೋನನ್ನು ಮೇಜಿನ ಮೇಲಿಟ್ಟರು.

“ಹೆರಿಗೆ ವಾರ್ಡು, ಹೇಳಿ.”

“ನಾನು ಬ್ಲಡ್ ಬ್ಯಾಂಕಿನ ದೊಡ್ಡಕ್ಕ. ಬೆಳಿಗ್ಗೆ ಬಂದ ಓ ನೆಗೆಟಿವ್ ಎಲ್ಲಿದೆ?”

“ಅದಾ? ಹಾಕಿದ್ದೀವಲ್ಲ. ಈಗ ತಾನೇ ಹಾಕಿದ್ವಿ, ಹೆರಿಗೆಯಾದ ಮೇಲೆ ತುಂಬ ಹೋಗ್ತಿತ್ತು ಅವಳಿಗೆ.”

“ನಿಲ್ಲಿಸಮ್ಮ. ಈಗಲೇ, ಫೋನ್ ಇಡದೇನೇ ಹೋಗಿ ನಿಲ್ಸು.”

ಚಪ್ಪಲಿಯ ಸದ್ದು ದೂರ ಹೋಯಿತು. ಫೋನಿನೊಳಗಿಂದ ಒಂದು ಎಳೆಗೂಸು ಅಳುವುದು ಕೇಳಿಸುತ್ತಿತ್ತು. ಮೂವರೂ ಹಲಗೆ ನೋಡುತ್ತ ಆ ಅಳು ಕೇಳುತ್ತ ನಿಂತರು. ಮೊದಲ ಹನಿ ನಯ. ಎರಡನೆಯದು ನಯ. ಮೂರನೆಯದರ ಅಂಚಿನಲ್ಲಿ ಏನೋ ಕಪ್ಪಗೆ ಕಂಡಿತು.

“ಕಾಳು” ಎಂದಳು ದೊಡ್ಡಕ್ಕ.

ಸೂಜಿ ಹಲಗೆಯನ್ನು ದೀಪದ ಕಡೆ ಓರೆ ಮಾಡಿದಳು. ಕಪ್ಪು ಜಾರಿತು. ದೊಡ್ಡಕ್ಕನದೇ ನೆರಳು ಅದು. ಅವಳು ಅಷ್ಟು ಬಾಗಿದ್ದಳು.

“ನೆಟ್ಟಗೆ ನಿಂತ್ಕೊಳ್ಳಿ ದೊಡ್ಡಕ್ಕ. ನೀವೇ ಕೊಲ್ತೀರಿ ನನ್ನ” ಎಂದಳು ಸೂಜಿ. ಅವಳ ಕಣ್ಣಲ್ಲಿ ನೀರಿತ್ತು. “ನಯ. ಮೂರೂ ನಯ. ಇದು ಸರಿಯಾದದ್ದೇ.” ಡಾಕ್ಟರು ಫೋನಿಗೆ ಬಾಗಿ, ಮತ್ತೆ ಹಾಕಿ ಎಂದರು.

ಆಮೇಲೆ ಒಂದೊಂದಾಗಿ ನೋಡಿದಾಗ ತಿಳಿಯಿತು. ಬೆಳಿಗ್ಗೆ ಅವನು ಅಳಿಸಿದ್ದು ಮೂವತ್ತಾರನೆಯದನ್ನು. ನಾಲ್ಕು ಮೆಟ್ಟಿಲಿನ ಅಂತರ. ಅದೇ ಕೈ ನಾಲ್ಕು ಮನೆ ಮೇಲೆ ಜಾರಿದ್ದರೆ ಓ ನೆಗೆಟಿವ್ ಹೆಸರು ಮೂವತ್ತೆರಡಕ್ಕೆ ಅಂಟಿ, ಆ ಹೆಂಗಸಿನ ಮೈಗೆ ವಿಷ ಹೋಗಿರುತ್ತಿತ್ತು. ಅದು ರಕ್ತದ ಪಟ್ಟಿ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಮೇಷ್ಟ್ರು ಬಂದು ಎರಡು ಗಂಟೆ ಕೂತು ನೋಡಿ ಹೇಳಿದ: “ಗೊತ್ತಿರಲ್ಲ ದೊಡ್ಡಕ್ಕ. ಅವನಿಗೆ ಇದು ಯಾವ ಊರು, ಏನು ಆಫೀಸು, ಒಂದೂ ಗೊತ್ತಿರಲ್ಲ. ಬೀಗ ಇಲ್ಲದ ಬಾಗಿಲು ಸಿಕ್ತು, ಒಳಗೆ ಬಂದ. ಸುಮ್ಮನೆ ಕೈಯಾಡಿಸ್ತಿದ್ದ.”

ಕೈಯಾಡಿಸ್ತಿದ್ದ ಎಂಬ ಮಾತೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಹಗೆ ಇಟ್ಟುಕೊಂಡು ಬಂದಿದ್ದರೆ ಮುಖಾಮುಖಿ ಬೈಯಬಹುದಿತ್ತು.

ಮೇಷ್ಟ್ರೂ ತಲೆ ತಗ್ಗಿಸಿಯೇ ಕೆಲಸ ಮಾಡಿದ. ಪ್ರಿಂಟರಿಗೆ ದಾರಿ ಬಿಟ್ಟುಕೊಡಲು ಅವನಿಗೆ ಹಿಡಿದದ್ದು ನಾಲ್ಕು ನಿಮಿಷ. ಎಂಟು ತಿಂಗಳ ಹಿಂದೆಯೇ ಮಾಡಬೇಕಾಗಿದ್ದ ನಾಲ್ಕು ನಿಮಿಷದ ಕೆಲಸ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಹಳೆಯ ಬ್ರೌಸರನ್ನು ಮೂರೂ ಕಂಪ್ಯೂಟರಿನಿಂದ ಬೇರು ಸಹಿತ ಕಿತ್ತ. ಹೊಸದರಲ್ಲಿ ಓರೆಯಾಗಿದ್ದ ಸಾಲನ್ನೂ ನೆಟ್ಟಗೆ ಮಾಡಿಕೊಟ್ಟ. ಅದಕ್ಕೆ ಹಿಡಿದದ್ದು ಒಂದು ನಿಮಿಷ. ಪಾಠ ಹೇಳಲಿಲ್ಲ.

ಡಾಕ್ಟರು ಗೋಡೆಯ ಮೇಲಿನ ಕಾಗದದ ಮುಂದೆ ಬಹಳ ಹೊತ್ತು ನಿಂತು ಓದಿದರು.

“ನನ್ನದೇ ಅಕ್ಷರ” ಎಂದಳು ದೊಡ್ಡಕ್ಕ.

“ಗೊತ್ತು. ಎಂಟು ತಿಂಗಳಿಂದ ನಾನೂ ಇದರ ಮುಂದೆ ಓಡಾಡಿದ್ದೀನಿ.” ಅವರು ಕಾಗದವನ್ನು ಬಿಡಿಸಿ ಅವಳ ಕೈಗೆ ಕೊಟ್ಟರು. “ಮೇಲಿನವರಿಗೆ ವರದಿ ಬರೀಬೇಕು. ಬಾಣ ಮೊದಲನೇ ಸಲ ನಡೆದದ್ದರಿಂದ ಶುರು ಮಾಡಿ. ಇದನ್ನೂ ಜೊತೆಗೆ ಲಗತ್ತಿಸಿ.”

ಅವಳು ಬರೆದಳು. ಒಂದಕ್ಷರ ಮುಚ್ಚಿಡಲಿಲ್ಲ. ಅದರಿಂದ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ಕೇಳಲೂ ಇಲ್ಲ.

ನಾಲ್ಕು ಗಂಟೆಗೆ ತಮ್ಮನಿಗೆ ಎಚ್ಚರವಾಯಿತು. ಮೂಗಿನಲ್ಲಿ ನಳಿಗೆ, ಕೆನ್ನೆಯ ಮೇಲೆ ಇಷ್ಟೇ ಇಷ್ಟು ಬಣ್ಣ ಬಂದಿತ್ತು. ಅವಳು ಎಲ್ಲವನ್ನೂ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

“ಕರೆಂಟ್ ಇರುವಾಗ ಫ್ಯೂಸ್ ತೆಗೆದು, ಕರೆಂಟ್ ಹೋದ ಮೇಲೆ ಫ್ಯೂಸ್ ಹಾಕಿದ್ಯಾ ಅಕ್ಕಾ?” ಎಂದ ಮೆಲ್ಲಗೆ. “ನನ್ನ ಹತ್ರ ಕೆಲಸ ಕೇಳ್ಕೊಂಡು ಬರಬೇಡ ಮತ್ತೆ.”

ಅವಳು ನಗಲಿಲ್ಲ. ಅವನ ಕೈ ಹಿಡಿದು, ಬೆಚ್ಚಗಿದೆಯೇ ಎಂದು ಮತ್ತೆ ಮತ್ತೆ ನೋಡಿದಳು.

ಮರುದಿನ ಸೂಜಿ ಒಳಗೆ ಬಂದಾಗ ಒಂಬತ್ತಾಗಿತ್ತು. ದೀಪ ಉರಿಯುತ್ತಿತ್ತು, ಕಂಪ್ಯೂಟರ್ ಎದ್ದಿತ್ತು. ಮೇಜಿನ ಮೇಲೆ ಹಳೆಯ ದಪ್ಪ ಪುಸ್ತಕ ಮತ್ತೆ ಬಂದು ಕೂತಿತ್ತು. ದೊಡ್ಡಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಜಡೆ ಕಟ್ಟದೆ, ಪರದೆಯನ್ನೇ ನೋಡುತ್ತ ಕೂತಿದ್ದಳು.

“ಏನಾಯ್ತು? ಮತ್ತೆ ನಡೀತಾ?”

“ಇಲ್ಲ.”

“ಮತ್ತೆ?”

“ಬಂದವಳೇ ಗೋಡೆ ತೆಗೆಯೋಕೆ ಕೈ ಹಾಕಿದ್ದೆ ಕಣೇ” ಎಂದಳು ದೊಡ್ಡಕ್ಕ. “ನನಗೆ ಗೊತ್ತೇ ಇಲ್ಲದ ಹಾಗೆ ಈ ಕೈ ತಾನಾಗೇ ಹೋಗಿತ್ತು.”

ಸೂಜಿ ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಪರದೆಯ ನಡುವೆ ಬಾಣ ನಿಶ್ಚಲವಾಗಿ ನಿಂತಿತ್ತು. ಅದರಿಂದ ಕಣ್ಣು ತೆಗೆಯುವ ಧೈರ್ಯ ಇಬ್ಬರಿಗೂ ಆಗಲಿಲ್ಲ.